ನರಿಯ ಮಾತು, ಅರಸನ ಕಿವಿ

ನೀತಿಕಥೆಯೆಂದರೆ ಮಕ್ಕಳ ಓದು ಎಂಬ ಭಾವನೆ ನಮ್ಮ ವಿದ್ಯಾವಂತರಲ್ಲಿಯೂ ಬಲವಾಗಿದೆ. ಆದರೆ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನು ಮಕ್ಕಳಿಗೆ ಕಥೆ ಹೇಳಲು ಕುಳಿತವನಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ಆತನು ಅರಸರ ಕಿವಿಗೆ ಮಾತು ಹೇಗೆ ಮುಟ್ಟುತ್ತದೆಂಬುದನ್ನು ಬಲ್ಲವನು. ಆ ಅರಸರ ಕಲ್ಯಾಣವು ಇಂದಿನ ನಮ್ಮ ಬೀದರ ಜಿಲ್ಲೆಯಲ್ಲಿಯೇ ಇದೆ. ಆತನ ಕೃತಿಯ ಮೊದಲ ಪ್ರಕರಣಕ್ಕೆ ‘ಭೇದ’ ಎಂದೇ ಹೆಸರು.

ಪಂಚತಂತ್ರದ ಆ ಕಥೆ ಎಲ್ಲರಿಗೂ ಗೊತ್ತು. ಸಿಂಹಕ್ಕೂ ಎತ್ತಿಗೂ ಸ್ನೇಹ; ಅದರಿಂದ ತನ್ನ ಪದವಿಗೆ ಕುತ್ತೆಂದು ಬಗೆದ ನರಿ ಒಬ್ಬರ ಮೇಲೆ ಒಬ್ಬರಿಗೆ ಚಾಡಿ ಹೇಳುತ್ತದೆ. ಅದರ ಜಾಣತನ ಬರಿಯ ಸುಳ್ಳಿನಲ್ಲಿಲ್ಲ. ಎದುರಾಳಿ ಹೀಗೆ ನಿಂತರೆ ದ್ರೋಹ ನಿಜವೆಂದು ತಿಳಿ ಎಂದು ಗುರುತುಗಳನ್ನೂ ಅದು ಮೊದಲೇ ಹೇಳಿಕೊಟ್ಟಿರುತ್ತದೆ. ಹೆದರಿದ ಎತ್ತು ಎಚ್ಚರದಿಂದ ನಿಲ್ಲುತ್ತದೆ. ಆ ಎಚ್ಚರವೇ ಸಿಂಹಕ್ಕೆ ಹಗೆತನವಾಗಿ ಕಾಣುತ್ತದೆ. ಕಿವಿ ಕೇಳಿದ್ದನ್ನೇ ಕಣ್ಣು ಕಾಣುತ್ತದೆ.

1945ರಲ್ಲಿ ಆರ್ವೆಲ್ಲನು ‘ಅನಿಮಲ್ ಫಾರ್ಮ್’ ಕಾದಂಬರಿಯಲ್ಲಿ ಇನ್ನೊಂದು ಉಪಾಯವನ್ನು ತೋರಿಸಿದನು. ಅಲ್ಲಿ ಕೊಟ್ಟಿಗೆಯ ಗೋಡೆಯ ಮೇಲಿನ ಶಾಸನಗಳು ಒಂದೊಂದಾಗಿ ತಿದ್ದಲ್ಪಡುತ್ತವೆ. ಓದಿದ ಪ್ರಾಣಿಗಳು ತಮ್ಮ ನೆನಪನ್ನೇ ಸಂಶಯಿಸುತ್ತವೆ. ನರಿ ನಂಬಿಕೆಯನ್ನು ಕೊಂದರೆ ಹಂದಿ ನೆನಪನ್ನು ಕೊಲ್ಲುತ್ತದೆ.

ಇವೆರಡೂ ನಮ್ಮ ನೆಲಕ್ಕೆ ಹೊಸವಲ್ಲ. ಹೈದರಾಬಾದು ಸಂಸ್ಥಾನದ ಕಡೆಯ ದಿನಗಳಲ್ಲಿ ರಜಾಕಾರರ ನಾಯಕ ಕಾಸಿಂ ರಜ್ವಿಯ ಭಾಷಣಗಳು ಒಂದು ಜನಕ್ಕೆ ಇನ್ನೊಂದರ ಭಯವನ್ನು ಉಣಿಸಿದವು. 1948ರಲ್ಲಿ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ನಾವು ಸ್ಮರಿಸುತ್ತೇವೆ, ಸ್ಮರಿಸಲೇಬೇಕು. ಅದೇ ವರ್ಷದ ಸೆಪ್ಟೆಂಬರಿನ ಸೈನಿಕ ಕಾರ್ಯಾಚರಣೆಯ ತರುವಾಯ ಮುಸ್ಲಿಮರ ಮೇಲೆ ಹಿಂಸೆ ನಡೆಯಿತು. ಭಾರತ ಸರಕಾರವೇ ಕಳುಹಿಸಿದ ಸುಂದರಲಾಲ್ ಸಮಿತಿಯು ಅತ್ಯಂತ ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿತು. ಆ ವರದಿಯಾದರೋ ದಶಕಗಳ ಕಾಲ ಪ್ರಕಟವಾಗಲಿಲ್ಲ. ಒಂದು ದುಃಖವನ್ನು ಮಾತ್ರ ನೆನೆದು ಇನ್ನೊಂದನ್ನು ಅಳಿಸುವುದು ಗೋಡೆಯ ಬರಹವನ್ನು ತಿದ್ದಿದಂತೆಯೇ ಅಲ್ಲವೆ?

ಇಂದು ಚಾಡಿಮಾತು ಅಂಗೈಯಲ್ಲಿನ ಫೋನಿನಲ್ಲಿಯೇ ಬರುತ್ತದೆ. ಆದುದರಿಂದ ಈ ಕಥೆಗಳ ನೀತಿಯೇನೆಂದು ಪರೀಕ್ಷೆಯಲ್ಲಿ ಕೇಳಿದರೆ ಸಾಲದು. ಸಿಂಹವೂ ಎತ್ತೂ ಒಮ್ಮೆಯಾದರೂ ಪರಸ್ಪರ ಕೇಳಿಕೊಳ್ಳಲಿಲ್ಲವೇಕೆ, ಅವರ ಜಗಳದಿಂದ ಯಾರಿಗೆ ಲಾಭವಾಯಿತು ಎಂದು ಅಧ್ಯಾಪಕರು ಕೇಳಬೇಕು. ಭಾಲ್ಕಿ, ಔರಾದಗಳ ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದುಗಳನ್ನು ಒಟ್ಟಿಗೆ ಕೇಳಿ ಬೆಳೆದ ನಮ್ಮ ವಿದ್ಯಾರ್ಥಿಗಳಿಗೆ ನೆರೆಯವನನ್ನು ಅವನ ಮಾತಿನಲ್ಲಿಯೇ ವಿಚಾರಿಸುವುದು ಕಷ್ಟವೇನಲ್ಲ.