ದಯಾಮರಣ ಬೇರೆ, ಘನತೆಯ ಮರಣ ಬೇರೆ

ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿದ ಆದೇಶವನ್ನು ಅನೇಕರು ದಯಾಮರಣಕ್ಕೆ ಸಿಕ್ಕ ಅನುಮತಿಯೆಂದು ತಿಳಿದರು. ಇದು ಸರಿಯಲ್ಲ. ಗುಣವಾಗುವ ನಿರೀಕ್ಷೆಯೇ ಇಲ್ಲದೆ ಯಂತ್ರದ ಆಸರೆಯಲ್ಲಿರುವ ರೋಗಿಯ ಚಿಕಿತ್ಸೆ ನಿಲ್ಲಿಸುವ ಕ್ರಮವನ್ನಷ್ಟೇ ಆದೇಶ ಹೇಳುತ್ತದೆ. ಮೂವರು ವೈದ್ಯರ ಮಂಡಳಿ, ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೇ ಮಂಡಳಿ, ಬಂಧುಗಳ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ಮಾಹಿತಿ – ಇವೆಲ್ಲ ಬೇಕು. ಚುಚ್ಚುಮದ್ದು ಕೊಟ್ಟು ಸಾಯಿಸುವುದು ಇಂದಿಗೂ ಅಪರಾಧವೇ.

ಈ ಕಾನೂನಿನ ಹಿಂದೆ ನಮ್ಮ ಕರಾವಳಿಯ ಮಗಳೊಬ್ಬಳಿದ್ದಾಳೆ. ಹೊನ್ನಾವರದ ಹಳದೀಪುರದ ಅರುಣಾ ಶಾನ್‌ಭಾಗ್ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ದಾದಿ. 1973ರಲ್ಲಿ ಹಲ್ಲೆಗೊಳಗಾಗಿ 2015ರಲ್ಲಿ ಸಾಯುವವರೆಗೂ ಹಾಸಿಗೆಯಲ್ಲೇ ಇದ್ದರು. ಆಕೆಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಿರಸ್ಕರಿಸಿತು. ಆಕೆ ಬದುಕಲಿ ಎಂದ ದಾದಿಯರ ಮಾತಿಗೆ ಬೆಲೆಕೊಟ್ಟಿತು. ಆದರೂ ಚಿಕಿತ್ಸೆ ಹಿಂತೆಗೆಯುವ ದಾರಿ ತೆರೆದದ್ದು ಅದೇ ತೀರ್ಪು. 2018ರಲ್ಲಿ ಜೀವಂತ ಉಯಿಲಿಗೆ ಮಾನ್ಯತೆ ಸಿಕ್ಕಿತು. 2023ರಿಂದ ಇಬ್ಬರು ಸಾಕ್ಷಿಗಳೆದುರು ಬರೆದು, ನೋಟರಿಯಿಂದ ದೃಢೀಕರಿಸಿದರೆ ಸಾಕು.

ಧರ್ಮಸಭೆಯ ಬೋಧನೆ ಹೊಸದಲ್ಲ. ಕೊಲ್ಲುವುದು ಪಾಪ; ಫಲವಿಲ್ಲದ, ಹೊರೆಯಾದ ಚಿಕಿತ್ಸೆಯನ್ನು ಬೇಡವೆನ್ನುವುದು ಪಾಪವಲ್ಲವೆಂದು 1980ರ ವ್ಯಾಟಿಕನ್ ಘೋಷಣೆ ತಿಳಿಸಿದೆ. ಸಂತ ಎರಡನೇ ಜಾನ್ ಪೌಲರು 2005ರಲ್ಲಿ ಆಸ್ಪತ್ರೆಗೆ ಮರಳದೆ ತಮ್ಮ ಕೋಣೆಯಲ್ಲೇ ಪ್ರಾಣಬಿಟ್ಟರು. ಆದರೆ ಅನ್ನ–ನೀರು ಬೇರೆ ಮಾತು. ದೇಹ ಅದನ್ನು ಸ್ವೀಕರಿಸುವವರೆಗೆ, ಕೊಳವೆಯಿಂದಾದರೂ ಸರಿ, ಕೊಡಲೇಬೇಕು. ಉಯಿಲು ಬರೆಯುವ ಕಥೋಲಿಕರು ಇದನ್ನು ಸ್ಪಷ್ಟವಾಗಿ ನಮೂದಿಸಲಿ.

ನಮಗಿರುವ ಆತಂಕ ಬೇರೆ. ಜಯನಗರ, ಬಿಟಿಎಂ ಲೇಔಟ್, ಬನಶಂಕರಿಗಳಲ್ಲಿ ನೆಲೆಸಿದ ನಮ್ಮವರಲ್ಲೂ ವೃದ್ಧ ತಂದೆತಾಯಿ ಒಂದೆಡೆ, ಮಕ್ಕಳು ವಿದೇಶದಲ್ಲಿ. ತೀವ್ರ ನಿಗಾ ಘಟಕದ ಬಾಗಿಲಲ್ಲಿ, ಫೋನಿನಲ್ಲಿ, ಬಿಲ್ ಏರುತ್ತಿರುವಾಗ ಕೊಡುವ ಒಪ್ಪಿಗೆ ನಿಜವಾಗಿ ಯಾರದು? ಹಣವಿಲ್ಲದ್ದಕ್ಕೆ ಹಾಕಿದ ಸಹಿಯನ್ನು ಘನತೆಯೆನ್ನಲಾಗದು. ನೋವು ತಗ್ಗಿಸಿ ಜತೆಗಿರುವ ಆರೈಕೆ ಮೊದಲು ಸಿಗಬೇಕು. ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ನೋಡಿಕೊಳ್ಳುತ್ತಿದೆ. ಇಂಥ ಕಡೆ ನಮ್ಮ ಧರ್ಮಕೇಂದ್ರಗಳ ಸ್ವಯಂಸೇವಕರು ಎಷ್ಟು ಮಂದಿ ಇದ್ದಾರೆ?

ಪ್ರಿಯ ವಿಶ್ವಾಸಿಗಳೇ, ಹಿರಿಯರು ಮಾತಾಡಬಲ್ಲ ದಿನಗಳಲ್ಲೇ ಅವರ ಇಚ್ಛೆ ಕೇಳಿ ತಿಳಿಯೋಣ. ರೋಗಿಗಳ ಅಭ್ಯಂಗಕ್ಕೆ ಗುರುಗಳನ್ನು ಕೊನೆಯುಸಿರಿನ ಹೊತ್ತಿಗೆ ಅಲ್ಲ, ರೋಗಿಗೆ ಅರಿವಿರುವಾಗಲೇ ಕರೆಯೋಣ. ದಾದಿಯರು ಅರುಣಾಳ ಬಳಿ 42 ವರ್ಷ ಇದ್ದರು. ನಾವು ನಮ್ಮವರ ಬಳಿ ಕೊನೆಯ ಕೆಲವು ವಾರಗಳಾದರೂ ಇರಲಾರೆವೇ?