ಮರ ಕಾಯುವವರು

ನಮ್ಮ ಮನೆಯ ಪಡುಬದಿಯಲ್ಲಿ ಒಂದು ಹಲಸಿನ ಮರವಿದೆ. ನನ್ನ ತಂದೆಯವರ ಬಾಲ್ಯದಲ್ಲಿಯೇ ಅದು ಫಲ ಕೊಡುತ್ತಿದ್ದುದರಿಂದ ಅದರ ಪ್ರಾಯವನ್ನು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಮನೆಗೆ ಇನ್ನೊಂದು ಕೋಣೆ ಕೂಡಿಸಬೇಕೆಂದು ಮಗ ಮಾತೆತ್ತಿದಾಗ, ಮರ ಹೋಗಲೇಬೇಕೆಂಬುದು ಅರ್ಧ ಗಂಟೆಯೊಳಗೆ, ಕಾಫಿ ಕುಡಿಯುತ್ತಿದ್ದಂತೆಯೇ ತೀರ್ಮಾನವಾಯಿತು. ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದ ಮೊಮ್ಮಗಳು ತಲೆಯೆತ್ತಿ, "ಅಜ್ಜಾ, ಇದರಲ್ಲಿರುವವರು ಇಷ್ಟು ಹೊತ್ತಿನಲ್ಲಿ ಒಬ್ಬರನ್ನೊಬ್ಬರು ಮಾತಾಡಿಸಿ ಕೂಡ ಮುಗಿಸುವುದಿಲ್ಲ" ಎಂದಳು.

ಆ ಪುಸ್ತಕ ಇಂಗ್ಲೆಂಡಿನ ಜೆ. ಆರ್. ಆರ್. ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಬೃಹತ್ಕಥೆಯ ಎರಡನೆಯ ಸಂಪುಟ, 1954ರಲ್ಲಿ ಅಚ್ಚಾದದ್ದು. ಮಳೆ ಬಿಡದ ದಿನಗಳಾದುದರಿಂದ ನಾನೂ ಓದಿದೆ. ಯುದ್ಧಗಳ ಭಾಗವನ್ನು ಬೇಗಬೇಗನೆ ದಾಟಿದೆನೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಅದರಲ್ಲಿ ಬರುವ ಒಂದು ವೃಕ್ಷಜನಾಂಗ ನನ್ನನ್ನು ಹಿಡಿದು ನಿಲ್ಲಿಸಿತು. ಅವರ ಹೆಸರು ಎಂಟರು. ನಮ್ಮ ಎಂಟು ಎಂಬ ಸಂಖ್ಯೆಗೂ ಇದಕ್ಕೂ ನಂಟಿಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ 'ಎಂಟ್' ಎಂದರೆ ದೈತ್ಯ. ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಆ ಭಾಷೆಯ ಪ್ರಾಧ್ಯಾಪಕರಾಗಿದ್ದವರು. ಹಳೆಯ ಪದವೊಂದರಿಂದ ಹೊಸ ಪ್ರಾಣಿಯನ್ನು ಬೆಳೆಸುವುದು ಅವರಿಗೆ ಪ್ರಿಯವಾದ ಕೆಲಸ.

ಪಾಲೆಯ ಮರದಲ್ಲಿ ಯಕ್ಷಿ ಇರುವಳೆಂದು ಕೇಳುತ್ತ ಬೆಳೆದವರು ನಾವು. ಗ್ರೀಕರ ಹಮಾಡ್ರಯಡ್ ಎಂಬ ವನದೇವತೆಯಂತೂ ಮರದೊಡನೆ ಹುಟ್ಟಿ ಮರದೊಡನೆಯೇ ಅಳಿಯುವವಳು. ಎಂಟರು ಈ ಎರಡು ಬಗೆಗೂ ಸೇರಿದವರಲ್ಲ. ಅವರು ಮರದೊಳಗೆ ವಾಸಿಸುವುದಿಲ್ಲ. ಹಿಂಡನ್ನು ಕಾಯುವಂತೆ ಮರಗಳನ್ನು ಕಾಯುತ್ತಾರೆ. ಕಾಯುತ್ತ ಕಾಯುತ್ತ ತಾವೇ ಮರದಂತಾಗುತ್ತಾರೆ. ಕೆಲವರು ನಿಂತಲ್ಲಿಯೇ ತೂಕಡಿಸಿ ಕೊನೆಗೆ ಅಲುಗಾಡುವುದನ್ನೇ ಬಿಡುತ್ತಾರೆ. ಕೆಲವು ಮರಗಳಾದರೋ ಎಚ್ಚರಗೊಂಡು ಎಂಟರಂತೆ ನಡೆಯತೊಡಗುತ್ತವೆ.

ಅವರಲ್ಲಿ ಹಿರಿಯನಾದ ಟ್ರೀಬಿಯರ್ಡನನ್ನು ನಾವು ಮರಗಡ್ಡದಜ್ಜ ಎನ್ನಬಹುದು. ಹದಿನಾಲ್ಕು ಅಡಿ ಎತ್ತರ. ಕಾಲಿಗೆ ಏಳೇಳು ಬೆರಳು. ಗಡ್ಡ ಬುಡದಲ್ಲಿ ಕಡ್ಡಿಯಂತೆ, ತುದಿಯಲ್ಲಿ ಪಾಚಿಯಂತೆ. ಮೈಮೇಲಿರುವುದು ಉಡುಪೋ ತೊಗಟೆಯೋ ತಿಳಿಯದು. ಎಲ್ಲರೂ ಒಂದೇ ಅಚ್ಚಿನವರಲ್ಲ. ಬೀಚ್, ಓಕ್, ಫರ್ ಎಂದು ಅವರವರು ಕಾಯುವ ಮರದ ಚಹರೆ ಅವರವರಿಗೆ. ಕಡಿದು ತಿನ್ನುವ ಆಹಾರವೆಂಬುದು ಅವರಿಗಿಲ್ಲ, ಬೆಟ್ಟದ ಊಟೆಯ ನೀರಿನಿಂದಾದ ಒಂದು ಪಾನೀಯವೇ ಸಾಕು. ಅದನ್ನು ಕುಡಿದ ಇಬ್ಬರು ಕುಳ್ಳ ಹುಡುಗರು, ಬೆಳೆಯುವ ವಯಸ್ಸು ದಾಟಿದ್ದರೂ ಕೆಲವು ಅಂಗುಲ ಉದ್ದವಾದರಂತೆ! ಆಟಿ ಅಮಾವಾಸ್ಯೆಯ ಬೆಳಗಿನ ಜಾವ, ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಪಾಲೆಯ ಕೆತ್ತೆಯ ಕಷಾಯವನ್ನು ಅಜ್ಜಿ ಕುಡಿಸುತ್ತಿದ್ದುದು ನೆನಪಾಯಿತು. ಅದರ ಕಹಿಗೆ ನಾನು ಕುಗ್ಗಿದ್ದುಂಟೇ ಹೊರತು ಬೆಳೆದದ್ದು ಕಾಣೆ.

ಅವರ ಮಾತಿನ ಬಗೆಯನ್ನು ವಿಶೇಷವಾಗಿ ಹೇಳಬೇಕು. ಎಂಟರ ಭಾಷೆಯಲ್ಲಿ ಒಂದು ವಸ್ತುವಿನ ಹೆಸರೆಂದರೆ ಅದರ ಇಡೀ ಚರಿತ್ರೆ. ವಸ್ತು ಬದುಕಿದಷ್ಟು ಕಾಲವೂ ಹೆಸರು ಬೆಳೆಯುತ್ತಲೇ ಇರುತ್ತದೆ. ಲೋಕ ಹುಟ್ಟಿದಂದಿನಿಂದ ನಿಂತಿರುವ ಗುಡ್ಡಕ್ಕೆ 'ಗುಡ್ಡ' ಎಂಬ ಎರಡಕ್ಷರ ಸಾಕೆ ಎಂದು ಮರಗಡ್ಡದಜ್ಜನಿಗೆ ಸೋಜಿಗ. ಹೇಳಲು ಬಹಳ ಹೊತ್ತು ತಗಲುವಷ್ಟು ಯೋಗ್ಯತೆಯಿಲ್ಲದ ಮಾತನ್ನು ಅವರು ಆಡುವುದೇ ಇಲ್ಲ. ಅವಸರವೆಂಬುದು ಅವರಲ್ಲಿ ದೊಡ್ಡ ಅವಗುಣ. ಅವರಲ್ಲಿಯೇ ಕ್ವಿಕ್‌ಬೀಮ್ ಎಂಬ ಕಿರಿಯನೊಬ್ಬನಿಗೆ ಅವಸರದವನೆಂಬ ಹೆಸರಿದೆ. ಹಿರಿಯರೊಬ್ಬರು ಪ್ರಶ್ನೆ ಮುಗಿಸುವುದಕ್ಕೆ ಮುಂಚೆ ಹೌದೆಂದುಬಿಟ್ಟನೆಂಬುದೇ ಅವನ ಅಪರಾಧ.

ಇಂಥವರ ನೆರೆಯಲ್ಲಿ ಸಾರುಮಾನ್ ಎಂಬ ಮಾಂತ್ರಿಕ ತನ್ನ ಕುಲುಮೆಗಳಿಗೆಂದು ಕಾಡು ಕಡಿಸತೊಡಗುತ್ತಾನೆ. ಕೆಲವು ಮರಗಳನ್ನು ಉರಿಸಲೂ ಅಲ್ಲ, ಸುಮ್ಮನೆ ಕಡಿದು ಕೊಳೆಯಲು ಬಿಡುತ್ತಾರೆ. ಎಂಟರು ಸಭೆ ಸೇರುತ್ತಾರೆ. ಮೂರು ದಿನ ಸಭೆ. ಮೂರನೆಯ ದಿನ ಎದ್ದವರು ಮತ್ತೆ ಕುಳಿತುಕೊಳ್ಳುವುದಿಲ್ಲ. ಮರದ ಬೇರು ನೂರು ವರ್ಷಗಳಲ್ಲಿ ಬಂಡೆಗೆ ಮಾಡುವುದನ್ನು ಅವರ ಬೆರಳುಗಳು ಕ್ಷಣಗಳಲ್ಲಿ ಕೋಟೆಗೆ ಮಾಡುತ್ತವೆ. ಹೊಳೆಗೆ ಕಟ್ಟ ಕಟ್ಟಿ, ನೀರನ್ನು ಒಳಗೆ ನುಗ್ಗಿಸಿ ಕುಲುಮೆಗಳನ್ನು ಆರಿಸುತ್ತಾರೆ. ಶಾಲೆಯ ದಿನಗಳಲ್ಲಿ ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ಓದಿದಾಗ, ಕಾಡು ನಡೆದು ಬರುವುದೆಂದರೆ ಸೈನಿಕರು ಕೊಂಬೆ ಹಿಡಿದು ಬರುವುದಷ್ಟೇ ಎಂದು ತಿಳಿದು ಟೋಲ್ಕಿನ್‌ಗೆ ಬಹಳ ನಿರಾಶೆಯಾಗಿತ್ತಂತೆ. ಮರಗಳೇ ಯುದ್ಧಕ್ಕೆ ಹೊರಡುವುದನ್ನು ಅವರು ಹೀಗೆ ತಮ್ಮ ಕೈಯಾರೆ ಬರೆದು ತೀರಿಸಿಕೊಂಡರು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಯುದ್ಧವಲ್ಲ, ಅವರ ಸಂಸಾರ. ಎಂಟರಿಗೆ ಮಡದಿಯರಿದ್ದರು. ಗಂಡಸರಿಗೆ ದೊಡ್ಡ ಮರ, ಕಾಡು, ಅಲೆದಾಟ ಬೇಕು. ಹೆಂಗಸರಿಗೆ ಹಣ್ಣಿನ ಗಿಡ, ಧಾನ್ಯ, ಹೇಳಿದಂತೆ ಕೇಳುವ ತೋಟ. ಹೆಂಗಸರು ಮಹಾನದಿಯನ್ನು ದಾಟಿ ಆಚೆ ತೋಟ ಮಾಡಿದರು. ಮನುಷ್ಯರಿಗೆ ಬೇಸಾಯ ಕಲಿಸಿದವರೂ ಅವರೇ. ಮುಂದೆ ಯುದ್ಧದಲ್ಲಿ ಆ ನೆಲ ಸುಟ್ಟು ಬರಡಾಯಿತು. ಎಂಟರು ಹುಡುಕಿಕೊಂಡು ಹೋದಾಗ ಅಲ್ಲಿ ಯಾರೂ ಇರಲಿಲ್ಲ. ಅಂದಿನಿಂದ ಅವರಲ್ಲಿ ಮಕ್ಕಳಿಲ್ಲ. ಆ ಹೆಂಗಸರು ಎಲ್ಲಿಯಾದರೂ ಬದುಕಿರಬಹುದೆ? ಅವರು ತೋಟದೊಡನೆ ಶಾಶ್ವತವಾಗಿ ಅಳಿದರೆಂದೇ ತಾನು ಭಾವಿಸುವುದಾಗಿ ಟೋಲ್ಕಿನ್ 1954ರ ಒಂದು ಪತ್ರದಲ್ಲಿ ಬರೆದರು. ನಮ್ಮ ಸೀಮೆಯ ಅಡಿಕೆ ಕೃಷಿಕರು ಈ ಜಗಳವನ್ನು ಕೇಳಿದರೆ ನಕ್ಕಾರು. ತೋಟಕ್ಕೆ ಸೊಪ್ಪು ಬರುವುದು ಮೇಲಿನ ಕುಮ್ಕಿಯ ಕಾಡಿನಿಂದ; ಕಾಡನ್ನು ತೊರೆದು ತೋಟ ಎಷ್ಟು ದಿನ ಬಾಳೀತು?

1973ರಲ್ಲಿ ಟೋಲ್ಕಿನ್ ತೀರಿಕೊಂಡ ಮೇಲೆ, 1977ರಲ್ಲಿ ಅವರ ಮಗ ಪ್ರಕಟಿಸಿದ 'ದಿ ಸಿಲ್ಮರಿಲಿಯನ್' ಎಂಬ ಗ್ರಂಥದಲ್ಲಿ ಎಂಟರ ಹುಟ್ಟಿನ ಕಥೆಯಿದೆ. ಸಸ್ಯಗಳ ಅಧಿದೇವತೆ ಯವನ್ನಾ, ಅವಳ ಪತಿ ಔಲೆ ಕಮ್ಮಾರರ ದೇವತೆ. ಔಲೆ ಕುಳ್ಳ ಜನಾಂಗವೊಂದನ್ನು ನಿರ್ಮಿಸಿದಾಗ, ಇವರ ಕೊಡಲಿಗೆ ತನ್ನ ಮರಗಳು ಆಹುತಿಯಾಗುವುವೆಂದು ಆಕೆ ದೇವರಲ್ಲಿ ಕಾವಲುಗಾರರನ್ನು ಬೇಡಿ ಪಡೆದಳು. ಗಂಡನ ಬಳಿಗೆ ಬಂದು, ನಿನ್ನ ಮಕ್ಕಳು ಇನ್ನು ಎಚ್ಚರದಿಂದಿರಲಿ ಎಂದಳು. ಅವನು ಕರಗಿದ ಲೋಹವನ್ನು ಅಚ್ಚಿಗೆ ಹೊಯ್ಯುತ್ತಿದ್ದನು. ಆದರೂ ಅವರಿಗೆ ಮರ ಬೇಕಾಗುತ್ತದೆ ಎಂದಷ್ಟೇ ಹೇಳಿ ಕೆಲಸ ಮುಂದುವರಿಸಿದನು.

ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಇದನ್ನು ಬರೆಯುತ್ತಿರುವ ಮೇಜೂ ಹಲಸಿನದೇ. ಮರ ಕಡಿಯಲು ಯಾವಾಗ ಬರಬೇಕೆಂದು ಆಚಾರಿ ನಿನ್ನೆ ಕೇಳಿಕೊಂಡು ಬಂದಿದ್ದ. ಮಗ ನನ್ನ ಮುಖ ನೋಡಿದ, ನಾನು ಮೊಮ್ಮಗಳ ಮುಖ ನೋಡಿದೆ. ಆಟಿ ಕಳೆಯಲಿ ಎಂದು ಹೇಳಿ ಕಳುಹಿಸಿದ್ದೇವೆ.