ಅಂಕಿತ, ರುಜು, ಸಂತಕ

ಹತ್ತನೆಯ ತರಗತಿಯ ಪರೀಕ್ಷೆಗೆ ಅರ್ಜಿ ತುಂಬುವ ದಿನ ರಾಯದುರ್ಗ, ಮಡಕಶಿರಾ ಸೀಮೆಯ ನಮ್ಮ ವಿದ್ಯಾರ್ಥಿಗಳನ್ನು ನೋಡಬೇಕು. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರು ರುಜುವಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸುತ್ತಾರೆ. ಕೇಳಿದರೆ, “ಸಿಗ್ನೇಚರ್ ಅಂದರೆ ಇಂಗ್ಲಿಷಿನಲ್ಲೇ ಅಲ್ಲವೇ ಸಾರ್?” ಎನ್ನುತ್ತಾರೆ.

ಆ ಶಬ್ದವನ್ನೇ ವಿಚಾರಿಸೋಣ. ‘ಸಿಗ್ನೇಚರ್’ ಲ್ಯಾಟಿನ್ನಿನ ‘ಸಿಗ್ನುಂ’ ಪದದಿಂದ ಬಂದುದು. ಸಿಗ್ನುಂ ಎಂದರೆ ಗುರುತು. ಮೇಣದ ಮೇಲೆ ಒತ್ತಿದ ಉಂಗುರದ ಮುದ್ರೆಯೂ ರೋಮನರಿಗೆ ಸಿಗ್ನುಂ ಆಗಿತ್ತು. ಮುದ್ರಕರು ಪುಸ್ತಕದ ಮಡಿಸಿದ ಹಾಳೆಯ ಕಟ್ಟಿಗೂ ಸಿಗ್ನೇಚರ್ ಎನ್ನುವುದುಂಟು. ಹೊಲಿಯುವಾಗ ಕ್ರಮ ತಪ್ಪದಿರಲೆಂದು ಅದರ ಮೊದಲ ಪುಟದ ಅಡಿಯಲ್ಲಿ ಹಾಕುತ್ತಿದ್ದ ಸಣ್ಣ ಗುರುತಿನಿಂದ ಆ ಹೆಸರು ಬಂದಿತು.

ನಮ್ಮ ‘ಅಂಕಿತ’ವೂ ಹಾಗೆಯೇ, ಅಂಕ ಎಂದರೂ ಗುರುತೇ. ಬಸವಣ್ಣನವರ ವಚನಗಳ ಅಂಕಿತ ‘ಕೂಡಲಸಂಗಮದೇವ’ ಎಂಬುದನ್ನು ನೀವು ಬಲ್ಲಿರಿ. ಪಾರಸಿಯಿಂದ ಬಂದ ‘ದಸ್ಕತ್ತು’ ಎಂದರೆ ಕೈಬರಹ. ತೆಲುಗಿನ ‘ಚೇವ್ರಾಲು’ ಎಂದರೂ ಅದೇ. ‘ರುಜು’ ಮಾತ್ರ ನಮ್ಮ ಕಡೆ ತೊಡಕು ಮಾಡುತ್ತದೆ. ತೆಲುಗಿನಲ್ಲಿ ಸಹಿಗೆ ‘ಸಂತಕಂ’ ಎನ್ನುತ್ತಾರೆ, ‘ರುಜುವು’ ಎಂದರೆ ಪುರಾವೆ. ಒಂದು ಕಚೇರಿಯಲ್ಲಿ ನಾನು “ರುಜು ಹಾಕಿದ್ದೇನೆ” ಎಂದಾಗ ಗುಮಾಸ್ತರು ಪುರಾವೆಯ ಕಾಗದಗಳನ್ನು ಹುಡುಕತೊಡಗಿದರು!

ರಾಯದುರ್ಗದ ಕೋಟೆ ಒಂದು ಕಾಲಕ್ಕೆ ವಿಜಯನಗರದ್ದು. ಆ ಅರಸರ ಅನೇಕ ತಾಮ್ರಶಾಸನಗಳ ಭಾಷೆ ಸಂಸ್ಕೃತ, ಲಿಪಿ ನಂದಿನಾಗರಿ. ಕೊನೆಯಲ್ಲಿ ಅರಸನ ಒಪ್ಪ ಮಾತ್ರ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಅಕ್ಷರಗಳಲ್ಲಿ ಇರುತ್ತದೆ. ಅರಸ ತನ್ನ ಹೆಸರನ್ನೂ ಬರೆಯಲಿಲ್ಲ, ದೇವರ ಹೆಸರನ್ನು ಬರೆದ. ಅದೇ ಅವನ ಗುರುತಾಯಿತು. ಇನ್ನು ಕಾನೂನಿಗೆ ಬಂದರೆ, ಬರೆಯಲು ಬಾರದವರು ಹಾಕುವ ಗುರುತನ್ನೂ 1897ರ ಜನರಲ್ ಕ್ಲಾಸಸ್ ಆಕ್ಟ್ ಸಹಿಯೊಳಗೇ ಸೇರಿಸಿದೆ. ನಿಮ್ಮ ಅಜ್ಜಿಯ ಹೆಬ್ಬೆಟ್ಟನ್ನು ಕಂಡು ನಗಬೇಡಿ.

ರಾಯದುರ್ಗ 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಲ್ಲಿ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಇವೆಲ್ಲ ಆದರೂ ನಮ್ಮ ಮನೆಗಳ ಮಾತು ಕನ್ನಡವೇ. ಇಂಗ್ಲಿಷಿನಲ್ಲಿ ಸಹಿ ಹಾಕುವುದು ತಪ್ಪೆಂದು ನಾನು ಹೇಳುವುದಿಲ್ಲ. ಕೈ ಪಳಗಿದವರು ಹಾಕಲಿ. ಆದರೆ ಚಿತ್ರದಂತೆ ಬಿಡಿಸಿದ ಅಕ್ಷರ ಇಂದು ಒಂದು ಬಗೆ, ನಾಳೆ ಇನ್ನೊಂದು ಬಗೆ. ಸಹಿ ಹೊಂದಲಿಲ್ಲವೆಂದು ಬ್ಯಾಂಕಿನಲ್ಲಿ ಚೆಕ್ಕು ಹಿಂದಿರುಗುವುದು ಹೀಗೆಯೇ. ಕಣ್ಣು ಮುಚ್ಚಿದರೂ ಕೈಗೆ ಬರುವ ಲಿಪಿ ಯಾವುದೋ ಅದರಲ್ಲಿ ರುಜು ಹಾಕಿರಿ.

ತೆಲುಗಿನವರು ಅದನ್ನು ಓದಲಾರರಲ್ಲ ಎಂದು ಕೆಲವು ಪೋಷಕರು ಕೇಳುತ್ತಾರೆ. ಸಹಿಯನ್ನು ಯಾರೂ ಓದುವುದಿಲ್ಲ, ಹಳೆಯದರೊಡನೆ ಹೋಲಿಸಿ ನೋಡುತ್ತಾರೆ. ಓದುವುದಕ್ಕೆಂದು ಹೆಸರನ್ನು ಬೇರೆಯಾಗಿ ಬರೆಸಿಕೊಂಡೇ ಇರುತ್ತಾರೆ.